ನಾಲ್ಕು ವರ್ಷ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಓಡಿಸಿದವನು ಒಂದೂಕಾಲು ಲಕ್ಷದೊಳಗೆ ರೋಡ್ ಬೈಕ್ ಕೊಳ್ಳುವಾಗ ಏನು ನೋಡಬೇಕು?

ಬೆಂಗಳೂರಿನ ತುರಹಳ್ಳಿ ಕಾಡಿನ ಮಣ್ಣಲ್ಲಿ, ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಓಡಿಸುತ್ತೀರಿ. ಗೆಳೆಯರು ಭಾನುವಾರ ನಂದಿ ಬೆಟ್ಟಕ್ಕೆ ಹೊರಟರೆ ದೇವನಹಳ್ಳಿ ಬರುವಷ್ಟರಲ್ಲಿ ನೀವು ಹಿಂದೆ ಬಿದ್ದಿರುತ್ತೀರಿ. ಗ್ರೂಪ್‌ಸೆಟ್ (ಗೇರು, ಬ್ರೇಕಿನ ಸೆಟ್) ಶಿಮಾನೋ ಸೋರಾ ಸಾಕಾ, 105 ಬೇಕೇ ಬೇಕಾ, ಈ ದುಡ್ಡಿಗೆ ಕಾರ್ಬನ್ ಫ್ರೇಮ್ ಸಿಗುತ್ತಾ ಎಂದು ಕೇಳಿದ್ದೀರಿ. ಇವೆಲ್ಲ ಆಮೇಲಿನ ಪ್ರಶ್ನೆಗಳು. ಮೊದಲು ಸೈಜು, ಆಮೇಲೆ ಅತಿ ಹಗುರ ಗೇರ್ ಯಾವುದು ಎನ್ನುವುದು, ಆಮೇಲೆ ಫ್ರೇಮಿನಲ್ಲಿ ಎಷ್ಟು ದಪ್ಪದ ಟೈರ್ ಕೂರುತ್ತದೆ ಎನ್ನುವುದು. ಇಷ್ಟು ಸರಿಯಿದ್ದರೆ ಗ್ರೂಪ್‌ಸೆಟ್ ಯಾವುದಾದರೂ ನಡೆಯುತ್ತದೆ.

ನನಗೂ ಇದೇ ಗೀಳು ಹಿಡಿದಿತ್ತು, 2018ರಲ್ಲಿ. ಮನೆಯಲ್ಲಿ "ಬೈಕ್ ತಗೋತೀನಿ" ಎಂದಾಗ ಅಮ್ಮ ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳಿದ್ದರು. ಅಂಗಡಿಯಲ್ಲಿ 56 ಸೈಜಿನ ಒಂದು ರೇಸ್ ಬೈಕ್ ಮಾರಾಟವಾಗದೆ ಉಳಿದಿತ್ತು. ಹದಿನೈದು ಸಾವಿರ ಕಡಿಮೆ ಮಾಡಿದರು. ನನ್ನ ಎತ್ತರ ಐದಡಿ ಏಳಿಂಚು. ನನಗೆ ಬೇಕಿದ್ದದ್ದು 52 ಅಥವಾ 54. "ಸ್ಟೆಮ್ ಚಿಕ್ಕದು ಹಾಕಿದ್ರೆ ಸರಿಹೋಗತ್ತೆ ಸಾರ್" ಎಂದರು. ಸ್ಟೆಮ್ ಅಂದರೆ ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ತುಂಡು. ಸರಿಹೋಗಲಿಲ್ಲ. ಮೂವತ್ತು ಕಿಲೋಮೀಟರ್ ದಾಟಿದರೆ ಕಿರುಬೆರಳಿಗೆ ಜೋಮು, ಕುತ್ತಿಗೆ ಬಿಗಿದು ಕಲ್ಲು. ಎಂಟು ತಿಂಗಳಿಗೆ ಮಾರಿದೆ. ಹದಿನೈದು ಸಾವಿರ ಉಳಿಸಲು ಹೋಗಿ ಮೂವತ್ತು ಸಾವಿರ ಕಳೆದುಕೊಂಡೆ. ಅಂಗಡಿಯವರನ್ನು ಬೈದುಕೊಂಡೆ, ನಿಜ. ಆದರೆ ಗೇರಿನ ಮೇಲೆ 105 ಅಂತ ಬರೆದಿದ್ದನ್ನು ನೋಡಿ ಬಾಯಿ ಬಿಟ್ಟವನು ನಾನೇ ಅಲ್ವಾ?

ಎಂಟಿಬಿಯವರಿಗೆ ಇಲ್ಲೊಂದು ವಿಶೇಷ ಗೊಂದಲ ಇದೆ. ಈಗಿನ ಎಂಟಿಬಿಗಳಲ್ಲಿ ಫ್ರೇಮ್ ಉದ್ದ, ಸ್ಟೆಮ್ ಗಿಡ್ಡ, 40–50 ಮಿ.ಮೀ. ರೋಡ್ ಬೈಕಿನಲ್ಲಿ ಫ್ರೇಮ್ ಗಿಡ್ಡ, ಸ್ಟೆಮ್ 90–100 ಮಿ.ಮೀ., ಕೈ ಇಡುವ ಹುಡ್ ಅದಕ್ಕಿಂತ ಇನ್ನೂ ಮುಂದೆ. ಹಾಗಾಗಿ ಅಳತೆಯ ಪಟ್ಟಿಯಲ್ಲಿ ರೀಚ್, ಅಂದರೆ ಫ್ರೇಮಿನ ಮುಂದಕ್ಕಿನ ಉದ್ದದ ಅಂಕಿ ನೋಡಿ "ನನ್ನ ಎಂಟಿಬಿಗಿಂತ ಚಿಕ್ಕದು" ಎಂದು ದೊಡ್ಡ ಸೈಜು ತಗೊಂಡರೆ ಕೆಟ್ಟಿರಿ. ರೋಡ್ ಬೈಕನ್ನು ಇನ್ನೊಂದು ರೋಡ್ ಬೈಕಿನ ಜೊತೆ ಮಾತ್ರ ಹೋಲಿಸಿ. ಸ್ಟ್ಯಾಕ್, ಅಂದರೆ ಫ್ರೇಮಿನ ಮುಂಭಾಗದ ಎತ್ತರ, ಎಂಡ್ಯೂರೆನ್ಸ್ (ದೂರ ಸವಾರಿಯ) ಮಾದರಿಗಳಲ್ಲಿ ರೇಸ್ ಮಾದರಿಗಳಿಗಿಂತ ಎರಡು ಮೂರು ಸೆಂ.ಮೀ. ಜಾಸ್ತಿ ಇರುತ್ತದೆ. ನೇರ ಕೂತು ಅಭ್ಯಾಸವಾದ ಬೆನ್ನಿಗೆ ಆ ಮೂರು ಸೆಂ.ಮೀ. ದೊಡ್ಡ ವಿಷಯ. ಎಂಡ್ಯೂರೆನ್ಸೇ ತಗೊಳ್ಳಿ.

ಈಗ ಗೇರು. ನಿಮ್ಮ ಎಂಟಿಬಿಯಲ್ಲಿ ಮುಂದೆ 32 ಹಲ್ಲು, ಹಿಂದೆ 11ರಿಂದ 50ರವರೆಗೆ ಎಂದಿದ್ದೀರಿ. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ಸುತ್ತಿದರೆ ಚಕ್ರ 0.64 ಸುತ್ತು ಸುತ್ತುತ್ತದೆ. ರೋಡ್ ಬೈಕಿನ ಕಾಂಪ್ಯಾಕ್ಟ್ ಕ್ರ್ಯಾಂಕ್ 50/34, ಅಂದರೆ ಮುಂದಿನ ಎರಡು ಹಲ್ಲುಚಕ್ರಗಳಿಗೆ 50 ಮತ್ತು 34 ಹಲ್ಲು. ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28 ಹಲ್ಲಿನದಾದರೆ ಅದು 1.21, 32 ಆದರೆ 1.06, 34 ಆದರೆ ಸರಿಯಾಗಿ 1. ಅಂದರೆ 28ರ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಇರುವ ಬೈಕಿನಲ್ಲಿ ನಿಮ್ಮ ಅತಿ ಹಗುರ ಗೇರ್ ಈಗಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಬೈಕ್ ಮೂರು ಕೆ.ಜಿ. ಹಗುರ ಇರಬಹುದು. ಆದರೆ ನಂದಿಯ ಏರು ಬುಡದಿಂದ ಏಳೆಂಟು ಕಿಲೋಮೀಟರ್, ಕೊನೆಯ ತಿರುವುಗಳಂತೂ ಕಡಿದು. ಅಲ್ಲಿ ಮಂಡಿ ಹೇಳುವ ಮಾತು ಬೇರೆ. 11-32 ಅಥವಾ 11-34 ಇದೆಯಾ ಕೇಳಿ. ಇಲ್ಲದಿದ್ದರೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಉದ್ದ ಕೇಜಿನದಾ ನೋಡಿ. ಹಾಗಿದ್ದರೆ ಕೊಳ್ಳುವಾಗಲೇ ಕ್ಯಾಸೆಟ್ ಬದಲಿಸಿ ಕೊಡಿ ಎನ್ನಿ. ನಾಚಿಕೆ ಏನಿಲ್ಲ. ಸುಮ್ನೆ ಕೂತು ತುಳಿದು ಮೇಲೆ ಹೋಗುವುದೇ ಸುಖ.

ಟೈರಿನ ವಿಷಯಕ್ಕೆ ಬಂದರೆ ಎಂಟಿಬಿಯವರ ಕಣ್ಣೇ ಬೇರೆ. ನಮಗೆ ಗುಂಡಿ ಕಾಣುವುದೇ ಇಲ್ಲ, ಕಂಡರೂ ಮೇಲೆಯೇ ಹಾಯಿಸುತ್ತೇವೆ. ನನ್ನ ಮೊದಲ ವಾರವೇ ಊರೊಂದರ ಮುಂದೆ ಬಣ್ಣ ಬಳಿಯದ ರೋಡ್ ಹಂಪ್‌ಗೆ ಹೊಡೆದು ಎರಡೂ ಟ್ಯೂಬ್ ಹೋದವು. ಬಿಚ್ಚಿ ನೋಡಿದರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡೆರಡು ತೂತು. ಟ್ಯೂಬು ರಿಮ್ಮಿಗೂ ಹಂಪ್‌ಗೂ ನಡುವೆ ಸಿಕ್ಕಿ ಜಜ್ಜಿಹೋದರೆ ಹೀಗಾಗುತ್ತದೆ. ಆಗ ನನ್ನದು 25 ಮಿ.ಮೀ. ಟೈರು. 28 ಕನಿಷ್ಠ, 32 ಹಿಡಿಯುವ ಫ್ರೇಮ್ ಸಿಕ್ಕರೆ ಬಿಡಬೇಡಿ. ಜೈಂಟ್ ಕಂಟೆಂಡ್ ಎಆರ್ 38ರವರೆಗೆ ಹಿಡಿಯುತ್ತದೆ, ನಮ್ಮ ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಟ್ರೆಕ್ ಡೊಮೇನ್ ಎಎಲ್, ಡೆಕಥ್ಲಾನ್‌ನ ಟ್ರೈಬನ್ ಕೂಡ ಇದೇ ಜಾತಿ. ಗಾಳಿ 25–30 ಪಿಎಸ್‌ಐ ಹಾಕಿ ಅಭ್ಯಾಸವಾದ ಕೈಗೆ ಇಲ್ಲಿ 70ರ ಆಸುಪಾಸು ಬೇಕಾಗುತ್ತದೆ. ಗೇಜ್ ಇರುವ ನಿಲುವು ಪಂಪ್ ಮನೆಯಲ್ಲಿರಲಿ. ವಾಲ್ವ್ ಪ್ರೆಸ್ಟಾ (ತೆಳು ಬಗೆಯದು) ಆಗಿದ್ದರೆ ದಾರಿಬದಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ನನ್ನದು ಎರಡು ಸಲ ಮನೆ ತಲುಪಿಸಿದೆ.

ಗ್ರೂಪ್‌ಸೆಟ್ ಬೇಗ ಮುಗಿಸುತ್ತೇನೆ. ಶಿಮಾನೋದಲ್ಲಿ ಕ್ಲಾರಿಸ್ 8 ಗೇರು, ಸೋರಾ 9, ಟಿಯಾಗ್ರಾ 10, 105 ಮೊದಲು 11 ಇತ್ತು, ಹೊಸದು 12. ಗೇರ್ ಬೀಳುವುದರಲ್ಲಿ ಸೋರಾಕ್ಕೂ ಟಿಯಾಗ್ರಾಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಬ್ರೇಕಿನಲ್ಲಿದೆ. ಸೋರಾದಲ್ಲಿ ಡಿಸ್ಕ್ ಇದ್ದರೂ ಎಳೆಯುವುದು ಕೇಬಲ್. ಟಿಯಾಗ್ರಾದಿಂದ ಮೇಲೆ ಹೈಡ್ರಾಲಿಕ್ (ಎಣ್ಣೆಯ ಒತ್ತಡದ್ದು) ಸಿಗುತ್ತದೆ. ನಾಲ್ಕು ವರ್ಷ ಒಂದು ಬೆರಳಲ್ಲಿ ಎಂಟಿಬಿ ನಿಲ್ಲಿಸಿದವರಿಗೆ ಕೇಬಲ್ ಡಿಸ್ಕ್ ಮರದ ತುಂಡು ಹಿಡಿದ ಹಾಗೆ ಅನಿಸುತ್ತದೆ. ನಂದಿಯಿಂದ ಇಳಿಯುವಾಗ ಅಂಗೈ ನೋಯುತ್ತದೆ. ಬಜೆಟ್ಟಿನಲ್ಲಿ ಹೈಡ್ರಾಲಿಕ್ ಟಿಯಾಗ್ರಾ ಸಿಕ್ಕರೆ ಅಲ್ಲಿಗೆ ಹುಡುಕಾಟ ಮುಗಿಸಿ. ಕಾರ್ಬನ್ ಬೇಡ. ಈ ದುಡ್ಡಿಗೆ ಹೊಸ ಕಾರ್ಬನ್ ಸಿಕ್ಕರೂ ಚಕ್ರದಲ್ಲೋ ಬ್ರೇಕಿನಲ್ಲೋ ಕೈ ಬಿಗಿ ಹಿಡಿದಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಬಿದ್ದು ಎದ್ದಿದ್ದಾ ಎಂದು ಬಣ್ಣದ ಮೇಲಿಂದ ಹೇಳುವುದು ಕಷ್ಟ.

ಗ್ರಾವೆಲ್ ಬೈಕ್ (ಮಣ್ಣುದಾರಿಗೂ ಆಗುವ ರೋಡ್ ಬೈಕ್) ತಗೋ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದೇ ಸೈಕಲ್ ಇಟ್ಟುಕೊಳ್ಳುವವರಿಗೆ ಸರಿ. ನಿಮ್ಮ ಬಳಿ ಹಾರ್ಡ್‌ಟೇಲ್ ಇದೆಯಲ್ಲ, ಮಣ್ಣಿಗೆ ಅದಕ್ಕಿಂತ ಇನ್ನೇನು ಬೇಕು?

ಎಂಟಿಬಿಗೆ ಎಸ್‌ಪಿಡಿ ಪೆಡಲ್ (ಶೂ ಕಚ್ಚಿಕೊಳ್ಳುವಂಥದ್ದು) ಹಾಕಿದ್ದರೆ ಅದನ್ನೇ ಬಿಚ್ಚಿ ಇದಕ್ಕೆ ಹಾಕಿ. ರೋಡಿನ ಮೂರು ತೂತಿನ ಕ್ಲೀಟ್ (ಶೂ ಅಡಿಯ ಕೊಂಡಿ) ಹಾಕಿಕೊಂಡು ದರ್ಶಿನಿಯ ಒದ್ದೆ ನೆಲದಲ್ಲಿ ಕಾಫಿ ಲೋಟ ಹಿಡಿದು ನಡೆಯುವುದು ಸರ್ಕಸ್.

ಅಂಗಡಿಯ ಮುಂದಿನ ಐವತ್ತು ಮೀಟರ್ ಟೆಸ್ಟ್ ರೈಡಿನಲ್ಲಿ ಏನೂ ಗೊತ್ತಾಗುವುದಿಲ್ಲ, ನನ್ನ 56 ಕೂಡ ಅಷ್ಟು ದೂರಕ್ಕೆ ಚೆನ್ನಾಗಿಯೇ ಇತ್ತು. ನಂದಿಗೆ ಹೋಗುವ ಗೆಳೆಯರಲ್ಲಿ ನಿಮ್ಮ ಎತ್ತರದವರು ಒಬ್ಬರಾದರೂ ಇರುತ್ತಾರೆ. ಒಂದು ಭಾನುವಾರ ಬೈಕ್ ಅದಲು ಬದಲು ಮಾಡಿಕೊಳ್ಳಿ, ಎರಡು ಗಂಟೆ ಓಡಿಸಿ, ಇಳಿದ ಮೇಲೆ ಕಿರುಬೆರಳು ಮುಟ್ಟಿ ನೋಡಿ. ಮರೆತಿದ್ದೆ, ಹೊರಡುವ ಮೊದಲು ಮುಂದಿನ ಬ್ರೇಕ್ ಎಡಗೈಗಿದೆಯೋ ಬಲಗೈಗೋ ಕೇಳಿಕೊಳ್ಳಿ. ಎಲ್ಲರ ಬೈಕೂ ಒಂದೇ ಥರ ಇರುವುದಿಲ್ಲ.