ಒಡೆದ ಸಿಸಿ ರಸ್ತೆಯ ಕಾಂಕ್ರೀಟನ್ನೇ ಹೊಸ ರಸ್ತೆಗೆ ಬಳಸಬಹುದಾ?

ಖಂಡಿತ ಬಳಸಬಹುದು. ಆದರೆ ಮೇಲ್ಪದರಕ್ಕಿಂತ ಅಡಿಪದರಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಕಲಬುರಗಿಯ ನಿಮ್ಮ ಓಣಿಯ ಸಿಸಿ ರಸ್ತೆ ಬಿರುಕು ಬಿಟ್ಟು ಕುಸಿದಿದೆ ಅಂದಿದ್ದೀರಿ. ರಸ್ತೆ ಕೆಟ್ಟಿತು ಅಂದರೆ ಒಳಗಿನ ಜಲ್ಲಿಯೂ ಕೆಟ್ಟಿತು ಅಂತಲ್ಲ. ನಮ್ಮ ಕಡೆ ಎಷ್ಟೋ ಸಲ ತೊಂದರೆ ಇರುವುದು ಕೆಳಗಿನ ಎರೆಮಣ್ಣಿನಲ್ಲಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಆಸರೆ ತಪ್ಪಿದ ಕಾಂಕ್ರೀಟು ಸೀಳುತ್ತದೆ. ಜಲ್ಲಿ ಗಟ್ಟಿಯಾಗೇ ಇರುತ್ತದೆ.

ಹಾಗಾದರೆ ಮೇಲ್ಪದರಕ್ಕೆ ಪೂರ್ತಿ ಅದನ್ನೇ ಯಾಕೆ ಹಾಕಬಾರದು? ಪುಡಿ ಮಾಡಿದ ಮೇಲೂ ಪ್ರತಿ ಕಲ್ಲಿಗೆ ಹಳೇ ಸಿಮೆಂಟು ಗಾರೆ ಅಂಟಿಕೊಂಡಿರುತ್ತದೆ. ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅದು ಹೊಸ ಜಲ್ಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ, ಸವೆತವನ್ನೂ ಅಷ್ಟು ತಡೆಯುವುದಿಲ್ಲ. ಅದಕ್ಕೇ ಜಲ್ಲಿಯ ಭಾರತೀಯ ಮಾನದಂಡ ಐಎಸ್ 383 (2016) ಮಿತಿ ಹಾಕಿದೆ. ಕಬ್ಬಿಣವಿಲ್ಲದ ಸಾದಾ ಕಾಂಕ್ರೀಟಿನಲ್ಲಿ ದಪ್ಪ ಜಲ್ಲಿಯ ಶೇ 25ರಷ್ಟು ಮಾತ್ರ ಇಂಥದ್ದಿರಬಹುದು. ಸಿಮೆಂಟು ಕಡಿಮೆ ಇರುವ ಲೀನ್ ಕಾಂಕ್ರೀಟಿನಲ್ಲಿ, ಅಂದರೆ ಎಂ15 ಅನ್ನೋ ಬಲದ ದರ್ಜೆಗಿಂತ ಕಡಿಮೆಯದರಲ್ಲಿ, ಶೇ 100 ಆದರೂ ನಡೆಯುತ್ತದೆ.

ಅಡಿಪದರದಲ್ಲಿ ಇನ್ನೊಂದು ಲಾಭ ಇದೆ, ನನಗೆ ತುಂಬಾ ಇಷ್ಟವಾದದ್ದು. ಹಳೇ ಕಾಂಕ್ರೀಟಿನ ಪುಡಿಯಲ್ಲಿ ನೀರು ಸೇರದೆ ಉಳಿದ ಸಿಮೆಂಟು ಒಂದಿಷ್ಟು ಇರುತ್ತದೆ. ನೀರು ಹಾಕಿ ರೋಲರ್ ಹೊಡೆದರೆ ಪದರ ನಿಧಾನವಾಗಿ ಕಚ್ಚಿಕೊಳ್ಳುತ್ತದೆ.

ಕೀಳುವಾಗ ಎರೆಮಣ್ಣು ಮಾತ್ರ ಬೆರೆಯಬಾರದು. ಕೆಳಗಿನ ಮಣ್ಣಿಗೂ ಸುಣ್ಣ ಬೆರೆಸಿ ಹದ ಮಾಡಬೇಕು. ಇಲ್ಲದಿದ್ದರೆ ಹೊಸ ರಸ್ತೆಯೂ ಹಾಗೇ ಸೀಳುತ್ತದೆ, ಅಲ್ವಾ?