1 ಟಿಬಿ ಡಿಸ್ಕ್‌ನಲ್ಲಿ 69 ಜಿಬಿ ಎಲ್ಲಿ ಹೋಯ್ತು?

ಪ್ರಶ್ನೆ: ಹೊಸ 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಲ್ಯಾಪ್‌ಟಾಪ್‌ಗೆ ಹಾಕಿದರೆ 931 ಜಿಬಿ ಅಂತ ತೋರಿಸುತ್ತಿದೆ. ಅಂಗಡಿಯವರು ಟೋಪಿ ಹಾಕಿದರಾ ಸಾರ್?
– ಓದುಗರು, ಹಾವೇರಿ

ಉತ್ತರ: ಇಲ್ಲ, ಸುಮ್ನೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಪೂರ್ತಿ ಇದೆ, ಎಣಿಸುವ ಲೆಕ್ಕ ಮಾತ್ರ ಎರಡು ಬಗೆ. ಡಿಸ್ಕ್ ತಯಾರಿಸುವವರದ್ದು ಸಾವಿರದ ಲೆಕ್ಕ: 1 ಟಿಬಿ ಅಂದ್ರೆ 1ರ ಮುಂದೆ 12 ಸೊನ್ನೆ, ಅಷ್ಟು ಬೈಟ್. ವಿಂಡೋಸ್‌ನದ್ದು 1024ರ ಲೆಕ್ಕ. ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಅಷ್ಟೇ, ಹಾಗಾಗಿ ಎಲ್ಲ ದುಪ್ಪಟ್ಟಾಗುತ್ತಾ ಹೋಗುತ್ತದೆ, 256, 512, ಆಮೇಲೆ ನೇರ 1024. ನಡುವೆ ಸಾವಿರ ಸಿಗುವುದೇ ಇಲ್ಲ. ಆ 12 ಸೊನ್ನೆಯ ಸಂಖ್ಯೆಯನ್ನು 1024ರಿಂದ ಮೂರು ಸಲ (ಬೈಟ್‌ನಿಂದ ಕೆಬಿ, ಎಂಬಿ, ಜಿಬಿಗೆ) ಭಾಗಿಸಿ ನೋಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. 931 ಚಿಲ್ಲರೆ ಬರುತ್ತದೆ. ಈ ಗೊಂದಲ ಬೇಡ ಅಂತ 1998ರಲ್ಲೇ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರು ಇಟ್ಟರು. ಯಾರೂ ಬಳಸಲಿಲ್ಲ ಅನ್ನಬಹುದು. ವಿಂಡೋಸ್ ಎಣಿಸುವುದು ಗಿಬಿಬೈಟ್, ಬರೆಯುವುದು ಜಿಬಿ. ನನ್ನ ಕೇಳಿದರೆ ತಪ್ಪು ಅದರದ್ದೇ. ಇದೇ ಡಿಸ್ಕನ್ನು ಈಗಿನ ಮ್ಯಾಕ್‌ಗೆ ಹಾಕಿ, 1 ಟಿಬಿ ಅಂತಲೇ ತೋರಿಸುತ್ತದೆ.

ಪ್ರಶ್ನೆ: ಫೋನ್ ತುಂಬಾ ನಿಧಾನ. ರಾಶಿ ಫೋಟೊ ಡಿಲೀಟ್ ಮಾಡಿದೆ, ಆದರೂ ಹಾಗೇ ಇದೆ. ಮೆಮೊರಿ ಖಾಲಿ ಆಯ್ತಲ್ವಾ?
– ಓದುಗರು, ಸಾಗರ

ಉತ್ತರ: ಖಾಲಿ ಆಗಿದ್ದು ಸ್ಟೋರೇಜ್, ರ‍್ಯಾಮ್ ಅಲ್ಲ. ಫೋನಿನ ಡಬ್ಬದ ಮೇಲೆ 4 ಜಿಬಿ, 64 ಜಿಬಿ ಅಂತ ಎರಡು ಅಂಕಿ ಇರುತ್ತವಲ್ಲ, ಫೋಟೊ ಕೂರುವುದು 64ರಲ್ಲಿ, ತೆರೆದ ಆಪ್‌ಗಳ ಓಡಾಟ 4ರಲ್ಲಿ. ಈ ರ‍್ಯಾಮ್ ಒಂದು ವಿಚಿತ್ರ ವಸ್ತು. ಒಂದೊಂದು ಬಿಟ್ಟೂ, ಅಂದ್ರೆ ಒಂದೊಂದು 0 ಅಥವಾ 1, ಕಣ್ಣಿಗೆ ಕಾಣದಷ್ಟು ಚಿಕ್ಕ ಕೆಪಾಸಿಟರ್‌ನಲ್ಲಿ ಚಾರ್ಜ್ ಆಗಿ ನಿಂತಿರುತ್ತದೆ, ಆ ಚಾರ್ಜ್ ಸೋರುತ್ತಲೇ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ನಿಂತರೆ ಎಲ್ಲ ಮಂಗಮಾಯ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಒಂದಷ್ಟು ಹೊತ್ತು ಚುರುಕಾಗುತ್ತದಲ್ಲ, ಹಳೇ ಆಪ್‌ಗಳೆಲ್ಲ ರ‍್ಯಾಮ್‌ನಿಂದ ಜಾಗ ಬಿಟ್ಟಿರುತ್ತವೆ.

ಹಾಗಂತ ಡಿಲೀಟ್ ಮಾಡಿದ್ದು ದಂಡ ಅಲ್ಲ. ಸ್ಟೋರೇಜ್ ಕಂಠಪೂರ್ತಿ ತುಂಬಿದರೂ ಫೋನ್ ತಡವರಿಸುತ್ತದೆ. ಸ್ಟೋರೇಜ್ ಅಂದ್ರೆ ಫ್ಲ್ಯಾಶ್ ಚಿಪ್, ಅದರಲ್ಲಿ ಹಳೆಯದರ ಮೇಲೇ ಹೊಸದನ್ನು ಬರೆಯಲು ಆಗುವುದಿಲ್ಲ, ಬೇಕಾದ್ದನ್ನು ಬೇರೆ ಕಡೆ ಎತ್ತಿಟ್ಟು ಮೊದಲು ಇಡೀ ಬ್ಲಾಕ್ (ಚಿಪ್‌ನ ಒಂದು ಭಾಗ) ಅಳಿಸಬೇಕು, ಖಾಲಿ ಬ್ಲಾಕ್ ಕಡಿಮೆ ಇದ್ದಷ್ಟೂ ಈ ಎತ್ತಿಡುವ ಕೆಲಸ ಜಾಸ್ತಿ. ಅಂದಹಾಗೆ, ಡಿಲೀಟ್ ಮಾಡಿದ ಫೋಟೊಗಳು ಗ್ಯಾಲರಿಯ ಟ್ರ್ಯಾಶ್‌ನಲ್ಲೇ ಕೂತಿವೆಯಾ ನೋಡಿ. ಕೂತಿದ್ದರೆ ಇನ್ನೂ ಏನೂ ಖಾಲಿ ಆಗಿಲ್ಲ.

ಪ್ರಶ್ನೆ: ಮದುವೆ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಎಷ್ಟು ವರ್ಷ ಬಾಳುತ್ತದೆ?
– ಓದುಗರು, ಮಂಡ್ಯ

ಉತ್ತರ: ಇಷ್ಟೇ ವರ್ಷ ಅಂತ ಗ್ಯಾರಂಟಿ ಇಲ್ಲ. ಫೋನಿನ ಸ್ಟೋರೇಜ್ ಹಾಗೆ ಅದೂ ಫ್ಲ್ಯಾಶ್ ಚಿಪ್ಪೇ, ಅದರಲ್ಲೂ ಫೋಟೊ ನಿಲ್ಲುವುದು ಚಾರ್ಜ್ ಆಗಿಯೇ. ರ‍್ಯಾಮ್‌ನಷ್ಟು ಬೇಗ ಅಲ್ಲದಿದ್ದರೂ ಅದರ ಚಾರ್ಜ್ ವರ್ಷಗಟ್ಟಲೆ ನಿಧಾನಕ್ಕೆ ಸೋರುತ್ತದೆ, ಸೆಕೆಗೆ ಇನ್ನೂ ಬೇಗ. ಈ ವಾರವೇ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ತವರುಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡಿ. ವರ್ಷಕ್ಕೊಮ್ಮೆ ಎರಡನ್ನೂ ಕಂಪ್ಯೂಟರ್‌ಗೆ ಹಾಕಿ ನಾಲ್ಕು ಫೋಟೊ ತೆರೆದು ನೋಡಿ.