ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಳಗಿಳಿದರೆ ನಂಬಬೇಡಿ

ಹಳೇ ಟಿಟಿಯನ್ನೇ (ಟೆಂಪೋ ಟ್ರಾವೆಲರ್) ಮನೆ ಮಾಡಿಕೊಂಡಿದ್ದೀರಿ, ಘಾಟಿಯಲ್ಲಿ ಇಂಜಿನ್ ಕಾಯುತ್ತೆ, ಇಂಜಿನ್ನಿನ ನೀರನ್ನು ತಣ್ಣಗಾಗಿಸೋ ರೇಡಿಯೇಟರನ್ನೇ ದೊಡ್ಡದು ಹಾಕಿಸಲೋ ಎಲೆಕ್ಟ್ರಿಕ್ ಫ್ಯಾನೋ ಅಂತ ಕೇಳಿದ್ದೀರಿ. ಈಗಲೇ ಎರಡೂ ಬೇಡ. ಹೊಸ ರೇಡಿಯೇಟರ್ ಹಾಕಿಸಿದ ಮೇಲೇ ನಾನು ಚಾರ್ಮಾಡಿ ಘಾಟಿಯಲ್ಲಿ ಇಂಜಿನ್ ಸುಟ್ಟುಕೊಂಡಿದ್ದು.

ಏಪ್ರಿಲ್ ತಿಂಗಳು, ಧರ್ಮಸ್ಥಳದಿಂದ ವಾಪಸ್ ಬರ್ತಿದ್ವಿ. ಅಮ್ಮ, ಹೆಂಡತಿ, ಎರಡು ಮಕ್ಕಳು. ಮಂಚ, ಒಲೆ, ಸಿಲಿಂಡರ್, ಮೇಲೆ 120 ಲೀಟರ್ ತುಂಬಿದ ನೀರಿನ ಟ್ಯಾಂಕು. ಡೀಸೆಲ್ ಉಳಿಯಲಿ ಅಂತ ಮೂರನೇ ಗೇರಲ್ಲೇ ಎಳೆಸ್ತಿದ್ದೆ. ಐದಾರು ತಿರುವು ಕಳೆಯೋಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಬಂತು. ಜಾಗ ನೋಡಿ ನಿಲ್ಲಿಸೋಣ ಅಂದುಕೊಳ್ತಿದ್ದಂತೆ ಸರ್ರನೆ ಕೆಳಗಿಳಿಯಿತು. "ತಣ್ಣಗಾಯ್ತು ಬಿಡಮ್ಮ" ಅಂದೆ, ಓಡಿಸಿದೆ.

ಅದೇ ತಪ್ಪು. ಬಿಡಿಸಿ ಹೇಳ್ತೀನಿ, ದಯವಿಟ್ಟು ಗಮನ ಕೊಡಿ. ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಇಂಜಿನ್ ಒಳಗೆ ಹರಿಯೋ ನೀರಲ್ಲಿ ಮುಳುಗಿರಬೇಕು. ಅದಕ್ಕೆ ತಿಳಿಯೋದು ಆ ನೀರಿನ ಬಿಸಿ ಮಾತ್ರ. ನೀರು ಕುದ್ದು ಹೊರಗೆ ಚೆಲ್ಲಿಹೋದರೆ ಸೆನ್ಸರ್ ಬರೀ ಗಾಳಿ, ಆವಿಯಲ್ಲಿ ಕೂರುತ್ತೆ. ಗಾಳಿ ನೀರಿನಷ್ಟು ಶಾಖ ಮುಟ್ಟಿಸಲ್ಲ. ಒಳಗೆ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಸುಡ್ತಿದ್ದರೂ ಮುಳ್ಳು ಕೆಳಗೇ. ಅಂದರೆ ಅದು ಇಳಿದ ಗಳಿಗೆಯೇ ನನ್ನ ಇಂಜಿನ್ನಿನಲ್ಲಿ ನೀರು ಮುಗಿದ ಗಳಿಗೆ. ಆಗಲೇ ಆಫ್ ಮಾಡಿದ್ದರೆ ಇಂಜಿನ್ ಉಳೀತಿತ್ತು. ಘಾಟಿಯ ತಲೆಯಲ್ಲಿರೋ ಕೊಟ್ಟಿಗೆಹಾರ ಇನ್ನೂ ಮೂರು ಕಿಲೋಮೀಟರ್ ಇದೆ ಅನ್ನುವಾಗ ಪಿಕಪ್ ಸತ್ತು, ಬಿಳಿ ಹೊಗೆ ಬಂದು ನಿಂತೇ ಹೋಯಿತು. ಹೆಡ್ ಕೆಳಗೆ ಸೋರದಂತೆ ಹಾಕೋ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಬೆಂಡಾಗಿತ್ತು, ನೀರು ಸೇರಿ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿತ್ತು. ಅಮ್ಮ ರಾತ್ರಿವರೆಗೂ ರಸ್ತೆ ಬದಿ ಕೂತಿದ್ದರು, ಅದು ಈಗಲೂ ನೋವು.

ಮೂಡಿಗೆರೆಯ ಮೆಕ್ಯಾನಿಕ್ ತೋರಿಸಿದ್ದು ರೇಡಿಯೇಟರ್ ಮುಚ್ಚಳ. ಹೊಸ ರೇಡಿಯೇಟರಿಗೆ ನಾನು ಹಳೇದನ್ನೇ ಹಾಕಿದ್ದೆ, ರಬ್ಬರ್ ಬಿರುಕು ಬಿಟ್ಟಿತ್ತು. ಘಾಟಿಯ ತಲೆಯಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತೆ. 0.9 ಬಾರ್ ಒತ್ತಡ ಹಿಡಿಯೋ ಮುಚ್ಚಳ ಇದ್ದರೆ 115 ದಾಟುವವರೆಗೂ ಕುದಿಯಲ್ಲ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಇದ್ದರೂ ನೀರು ಹಾರಿಹೋಗುತ್ತೆ.

ಹಾಗಾಗಿ ನಿಮ್ಮ ಗಾಡಿಗೆ ಅಂತ ಹೇಳಿರುವ ಒತ್ತಡದ ಹೊಸ ಮುಚ್ಚಳವನ್ನೇ ಮೊದಲು ಹಾಕಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಆಮೇಲೆ ಫ್ಯಾನ್ ಬೆಲ್ಟ್ ನೋಡಿ, ರೇಡಿಯೇಟರಿನ ಜಾಲರಿಯಲ್ಲಿ ಕೂತ ಧೂಳು, ಹುಳು ತೊಳೆಸಿ. ಬೋರ್‌ವೆಲ್ ನೀರು ಹಾಕಲೇಬೇಡಿ, ಒಳಗೆ ಗಾರೆ ಕಟ್ಟುತ್ತೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಘಾಟಿಯಲ್ಲಿ ಎರಡನೇ ಗೇರೇ ಸರಿ, ಇಂಜಿನ್ ಜೋರಾಗಿ ತಿರುಗಿದರೆ ನೀರು ಸುತ್ತಿಸೋ ವಾಟರ್ ಪಂಪೂ ಜೋರಾಗಿ ತಿರುಗುತ್ತೆ. ಗಾಡಿ ಮನೆಯ ನೀರಿನ ಟ್ಯಾಂಕನ್ನು ಘಾಟಿಗೆ ಮುಂಚೆ, ಉಜಿರೆಯಲ್ಲಿ, ತುಂಬಿಸಬೇಡಿ, 120 ಲೀಟರ್ ಅಂದರೆ 120 ಕೆಜಿ. ಮೇಲೆ ಬಂದು ತುಂಬಿಸಿಕೊಳ್ಳಿ. ಇಷ್ಟಾದ ಮೇಲೂ ಕಾದರೆ ರೇಡಿಯೇಟರ್ ಮಾತಾಡೋಣ. ಮುಚ್ಚಳದ ರಬ್ಬರ್ ಹೇಗಿದೆ ಅಂತ ನೋಡಿ ಬರೆಯಿರಿ.